ಮಲಗುವ ಕೋಣೆಗೆ ಲೈಟ್ ಒಂದೇ ಸಾಲದು

ಕುವೆಂಪುನಗರದ ಮನೆ ರಿಪೇರಿ ಮಾಡಿಸುತ್ತಿದ್ದೇವೆ, ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸುವುದಿಲ್ಲ, ಹೊಗೆ ಅಲಾರಂ ಜೊತೆ ಮಿನುಗುವ ಲೈಟ್ ಹಾಕಿಸಿದರೆ ಸಾಕಾ ಅಂತ ಕೇಳಿದ್ದೀರಿ. ಎಚ್ಚರ ಇರುವಾಗ ಸಾಕು. ನಿದ್ದೆಯಲ್ಲಿ ಸಾಲದು ಸರ್. ಮುಸುಕು ಹೊದ್ದು ಮಲಗಿದವರಿಗೆ ಬೆಳಕು ಬಿದ್ದದ್ದೇ ಗೊತ್ತಾಗುವುದಿಲ್ಲ, ಹಾಗಾಗಿ ದಿಂಬಿನ ಕೆಳಗೆ ಇಡುವ ವೈಬ್ರೇಟರ್ ಪ್ಯಾಡ್ ಬೇಕೇ ಬೇಕು, ಇಬ್ಬರಿಗೂ ಒಂದೊಂದು. ಹಾಲ್‌ನ ಅಲಾರಂ ಹೊಡೆದ ಕೂಡಲೇ ಈ ಪ್ಯಾಡ್ ಅದುರಬೇಕು. ಬೇರೆ ಬೇರೆ ಕಂಪನಿಯವು ಎಷ್ಟೋ ಸಲ ಒಂದಕ್ಕೊಂದು ಕೂಡುವುದಿಲ್ಲ, ಕೊಳ್ಳುವ ಮುಂಚೆ ಅಂಗಡಿಯಲ್ಲೇ ಅಲಾರಂನ ಟೆಸ್ಟ್ ಬಟನ್ ಒತ್ತಿ, ಪ್ಯಾಡ್ ಅದುರುತ್ತದಾ ನೋಡಿ.

ಹೊಗೆ ಅಲಾರಂ ಅಡುಗೆಮನೆಯೊಳಗೆ ಬೇಡ. ಒಗ್ಗರಣೆಗೆಲ್ಲಾ ಹೊಡೆದುಕೊಂಡರೆ ಕೊನೆಗೆ ಬ್ಯಾಟರಿ ಕಿತ್ತು ಇಡುತ್ತಾರೆ, ಅಲ್ವಾ? ಅಲ್ಲಿಗೆ ಗ್ಯಾಸ್ ಡಿಟೆಕ್ಟರ್ ಹಾಕಿಸಿ, ಅದಕ್ಕೂ ಲೈಟ್ ಮತ್ತು ಪ್ಯಾಡ್ ಸೇರಿಸಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ, ಆದ್ದರಿಂದ ಡಿಟೆಕ್ಟರ್ ನೆಲದಿಂದ 1 ಅಡಿಯೊಳಗೆ ಇರಲಿ. ಪೈಪ್ ಗ್ಯಾಸ್ ಆದರೆ ಉಲ್ಟಾ, ಅದು ಹಗುರ, ಸೀಲಿಂಗ್ ಹತ್ತಿರ ಹಾಕಿಸಬೇಕು. ಸುಮ್ನೆ ಸ್ವಿಚ್‌ಬೋರ್ಡ್ ಎತ್ತರಕ್ಕೆ ಹಾಕಿಬಿಡುವ ಎಲೆಕ್ಟ್ರಿಷಿಯನ್‌ಗಳೂ ಇದ್ದಾರೆ, ನೀವೇ ನಿಂತು ಹೇಳಿ.

ಗೋಡೆ ಒಡೆದಿರುವಾಗಲೇ ಕಾಲಿಂಗ್ ಬೆಲ್‌ಗೂ ಬೆಂಕಿ ಅಲಾರಂಗೂ ಬೇರೆ ಬೇರೆ ಬಣ್ಣದ ಲೈಟ್ ಪಾಯಿಂಟ್ ಕೊಡಿಸಿ. ಬಚ್ಚಲುಮನೆಯಲ್ಲೂ ಬೇಕು, ಅದನ್ನು ಜನ ಮರೆತೇಬಿಡುತ್ತಾರೆ. ಎಲ್ಲವೂ ಯುಪಿಎಸ್ ಲೈನ್‌ನಲ್ಲೇ ಇರಲಿ.

ಇನ್ನೊಂದು, ಬ್ಯಾಟರಿ ಮುಗಿಯುವಾಗ ಅಲಾರಂ ಕೀಂ ಕೀಂ ಅನ್ನುವುದು ಅವರಿಗೆ ಕೇಳಿಸುವುದಿಲ್ಲ. ತಿಂಗಳಿಗೊಮ್ಮೆ ನೀವೇ ಟೆಸ್ಟ್ ಬಟನ್ ಒತ್ತಿ. ಹೊಗೆ ಅಲಾರಂ 10 ವರ್ಷಕ್ಕೆ ಬದಲಾಯಿಸಬೇಕು, ಹಾಕಿಸಿದ ದಿನಾಂಕವನ್ನು ಅದರ ಮೇಲೇ ಬರೆದಿಡಿ.