ಟ್ರಸ್ಟ್ ಆಮೇಲೆ ಕಟ್ಟಿ, ಮೊದಲು ಗುಳೆ ಹೋದವರ ಲೆಕ್ಕ ಹಾಕಿ
ನೀವು ಯಾದಗಿರಿ ಕಡೆಯವರು, ಬೆಂಗಳೂರಲ್ಲಿ ಕೆಲಸ. ಊರಲ್ಲಿ ತತ್ವಪದ, ಮೊಹರಂನ ರಿವಾಯತ್ ಪದ ಹಾಡುವವರಿಗೆ ಏನಾದರೂ ಮಾಡಬೇಕು, ಟ್ರಸ್ಟ್ ಕಟ್ಟಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ದುಡ್ಡು ತಂದು ಉತ್ಸವ ಮಾಡಲಾ, ಇಲ್ಲಾ ಹಾಡೆಲ್ಲ ರೆಕಾರ್ಡ್ ಮಾಡಿಸಲಾ ಅಂತ ಕೇಳಿದ್ದೀರಿ. ನಾನು ಶಹಾಪುರ ತಾಲೂಕಿನವನು. ಅಂಥದೇ ಉತ್ಸವ ಒಮ್ಮೆ ಮಾಡಿ ಮುಗಿಸಿದವನು.

ನಮ್ಮದು ಹಳೇ ಸಂಘ, ಕಾಗದಪತ್ರ ಸರಿ ಇದ್ದವು. ಒಂದು ಕಂಪನಿ ಒಪ್ಪಿತು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕಲೆ, ಸಂಸ್ಕೃತಿಯೂ ಆ ಪಟ್ಟಿಯಲ್ಲಿದೆ. ದುಡ್ಡು ಕೈಗೆ ಬಂದಿದ್ದು ಡಿಸೆಂಬರ್‌ನಲ್ಲಿ. ಮಾರ್ಚ್ 31ರೊಳಗೆ ಖರ್ಚು ತೋರಿಸಿ ಅಂದರು.

ನಿಮಗೆ ಗೊತ್ತೇ ಇದೆಯಲ್ಲ, ಡಿಸೆಂಬರ್, ಜನವರಿ ಅಂದರೆ ನಮ್ಮ ಕಡೆ ತೊಗರಿ ರಾಶಿ. ರಾಶಿ ಮುಗೀತು ಅಂದರೆ ಗುಳೆ. ಬೆಂಗಳೂರು, ಪುಣೆ, ಮುಂಬೈ, ಎಲ್ಲಿ ಕಟ್ಟಡದ ಕೆಲಸ ಇದೆಯೋ ಅಲ್ಲಿಗೆ. ಮಾರ್ಚ್‌ನಲ್ಲಿ ಉತ್ಸವ ಅಂತ ಹೇಳಲು ಊರೂರಿಗೆ ಹೋದರೆ ಅರ್ಧ ಮೇಳವೇ ಇಲ್ಲ. ಒಬ್ಬ ಅಜ್ಜ ಅಂದ, ‘ತಮ್ಮಾ, ಹಾಡೋರು ಪುಣಾಕ್ ಹೋಗ್ಯಾರ. ಇಲ್ಲಿ ಪೇಟಿ ಒಂದೇ ಅದ.’ ಆ ಪೇಟಿಯಲ್ಲೂ (ಹಾರ್ಮೋನಿಯಂ) ಒಂದು ಪಟ್ಟಿ ಒತ್ತಿದರೆ ಸದ್ದೇ ಬರುತ್ತಿರಲಿಲ್ಲ. ಅಜ್ಜ ಅಲ್ಲಿಗೆ ಬಂದಾಗೆಲ್ಲ ಬೆರಳು ಹಾರಿಸಿ, ಆ ಸ್ವರವನ್ನು ಬಾಯಲ್ಲೇ ಎಳೆದು ತುಂಬಿಸುತ್ತಿದ್ದ.

ಎಡವಟ್ಟಾಗಿದ್ದು ಎಲ್ಲಿ ಅಂದರೆ ಅರ್ಜಿಯ ಒಂದು ಸಾಲಿನಲ್ಲಿ. ‘ಒಂದು ವರ್ಷದ ಕಾರ್ಯಕ್ರಮ’ ಅಂತ ಬರೆದಿದ್ದೆವು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದನ್ನು ಯಾರೂ ಹೇಳಲ್ಲ. 2021ರ ಜನವರಿಯಿಂದ ನಿಯಮ ಬದಲಾಗಿದೆ. ಕಂಪನಿಯ ಬೋರ್ಡ್ ನಿಮ್ಮ ಕೆಲಸವನ್ನು ‘ಆನ್‌ಗೋಯಿಂಗ್ ಪ್ರಾಜೆಕ್ಟ್’ (ಒಂದು ವರ್ಷ ಮೀರಿ ನಡೆಯುವ ಕೆಲಸ) ಅಂತ ಒಪ್ಪಿದ್ದರೆ, ಉಳಿದ ಹಣವನ್ನು ಅವರು ಆರ್ಥಿಕ ವರ್ಷ ಮುಗಿದ 30 ದಿನದೊಳಗೆ ಬೇರೆ ಖಾತೆಗೆ ಹಾಕಿ, ಮುಂದಿನ ಮೂರು ವರ್ಷದೊಳಗೆ ಖರ್ಚು ಮಾಡಬಹುದು. ಹಾಗೆ ಒಪ್ಪದಿದ್ದರೆ ಉಳಿದದ್ದನ್ನು ಆರು ತಿಂಗಳೊಳಗೆ ಪ್ರಧಾನಿ ಪರಿಹಾರ ನಿಧಿಯಂಥ ಸರ್ಕಾರಿ ನಿಧಿಗೆ ಕಟ್ಟಬೇಕು. ಅದಕ್ಕೇ ಕಂಪನಿಯ ಹುಡುಗ ಫೆಬ್ರವರಿಯಿಂದ ದಿನಾ ಫೋನು. ಪಾಪ, ಅವನ ತಪ್ಪಲ್ಲ. ಹಾಡುವವರು ವಾಪಸ್ ಬರಲಿ, ಮೊಹರಂಗೆ ಮಾಡೋಣ ಅಂದರೆ ಕೇಳುವ ಹಾಗೇ ಇರಲಿಲ್ಲ, ಯಾಕಂದ್ರೆ ನಾವೇ ಒಂದು ವರ್ಷ ಅಂತ ಬರೆದುಕೊಟ್ಟಿದ್ದೆವು. ಮೂರು ವರ್ಷ ಅಂತ ಬರೆದು, ಬೋರ್ಡ್ ಠರಾವಿನಲ್ಲಿ ಅದು ಹಾಗೇ ಬಂದಿದೆಯಾ ಅಂತ ನೋಡಿಕೊಂಡಿದ್ದರೆ ಸಾಕಿತ್ತು.

ಮಾರ್ಚ್‌ನಲ್ಲೇ ಮಾಡಿದೆವು. ಶಾಮಿಯಾನ, ಮೈಕು, ಫ್ಲೆಕ್ಸ್, ಶಾಲು, ಹಾರ, ನೆನಪಿನ ಕಾಣಿಕೆ. ಹಾಡಿದವರು ಯಾರು? ಲೆಟರ್‌ಹೆಡ್ ಇದ್ದ ನೋಂದಾಯಿತ ಮೇಳದವರು, ಅಂದರೆ ಗುಳೆ ಹೋಗುವ ಗರಜು ಇಲ್ಲದವರು. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರು ಜಲಾಲಸಾಹೇಬರೂ ಇದ್ದರು, ಜಾತಿ ಕೇಳದ ಪರಂಪರೆ ಅಂತ ನಾನೇ ಮೈಕ್ ಹಿಡಿದು ಭಾಷಣ ಮಾಡಿದೆ. ಎದುರಿಗೆ ಹಾಡಲು ಕೂತವರಲ್ಲಿ ಕೂಲಿ ಮಾಡುವ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಹುಲ್ಲಿಗೆ ಬೆಂಕಿ ಹಚ್ಚಿ, ದಮ್ಮಡಿ ಅನ್ನೋ ಕೈವಾದ್ಯದ ಚರ್ಮ ಕಾಯಿಸಿ, ಉಗುರಿನಿಂದ ತಟ್ಟಿ ನೋಡಿ ಆಮೇಲೆ ಪದ ಎತ್ತುವ ಹೆಂಗಸರು ನಮ್ಮ ಪಕ್ಕದೂರಲ್ಲೇ ಇದ್ದಾರೆ. ಅವರು ಆಗ ಬೆಂಗಳೂರಲ್ಲಿ ಸಿಮೆಂಟ್ ಪುಟ್ಟಿ ಹೊರುತ್ತಿದ್ದರು. ಬಹುಶಃ ನಿಮ್ಮ ಆಫೀಸಿನ ಹತ್ತಿರವೇ.

ಹಾಗಾಗಿ ಉತ್ಸವವೋ ರೆಕಾರ್ಡಿಂಗೋ ಅನ್ನೋ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಟ್ರಸ್ಟ್ ವಿಚಾರ ಅಂತೂ ಈಗಲೇ ಬಿಡಿ. ಸಿಎಸ್‌ಆರ್ ತಗೊಳ್ಳಲು ನೀವು ಕಟ್ಟುವಂಥ ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯ ನೋಂದಣಿ (12ಎ, 80ಜಿ ಅಂತಾರೆ), ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನಂಬರ್ ಬೇಕು, ಜೊತೆಗೆ ಇಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. ಹೊಸ ಟ್ರಸ್ಟಿಗೆ ಎಲ್ಲಿಂದ ಬರಬೇಕು ಅದು? ರೆಕಾರ್ಡಿಂಗ್, ಸಂಶೋಧನೆ ಮಾಡಲೇಬೇಕು ಅಂತಿದ್ದರೆ ಬೆಂಗಳೂರಲ್ಲೇ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ, 1995ರಿಂದ ಅನುದಾನ ಕೊಡುತ್ತಿದ್ದಾರೆ, ಕನ್ನಡದಲ್ಲೇ ಅರ್ಜಿ ಬರೆಯಬಹುದು. ಆದರೆ ಹಾಡಿದವರಿಗೆ ಅವತ್ತಿನ ಕೂಲಿ ಕೊಡಿ, ಯೂಟ್ಯೂಬ್‌ಗೆ ಹಾಕುವ ಮುಂಚೆ ಕೇಳಿ. ‘ಅದರ ರೊಕ್ಕ ಯಾರಿಗ್ ಹೋಗ್ತದ?’ ಅಂತ ಅವರು ಕೇಳೇ ಕೇಳುತ್ತಾರೆ. ಉತ್ತರ ರೆಡಿ ಇರಲಿ.

ನಾನಾದರೆ ಗೆಳೆಯರ ಹತ್ತಿರ ತಿಂಗಳು ತಿಂಗಳು ಸ್ವಲ್ಪ ದುಡ್ಡು ಎತ್ತುತ್ತೇನೆ, ಅಷ್ಟೇ. ಅಮಾವಾಸ್ಯೆ ಭಜನೆಗೆ ಬಸ್ ಚಾರ್ಜು, ದಮ್ಮಡಿಗೆ ಚರ್ಮ, ಪೇಟಿ ರಿಪೇರಿ, ಮಳೆ ಕೈಕೊಟ್ಟ ವರ್ಷ ರೇಷನ್. ಇದಕ್ಕೆ ಫೋಟೋ ಬೇಡ, ವರದಿ ಬೇಡ. ಮೊಹರಂಗೆ ಹಾಡುವವರು ಎಲ್ಲಿದ್ದರೂ ಊರಿಗೆ ಬರುತ್ತಾರೆ, ನೀವೂ ಆಗಲೇ ಹೋಗಿ. ಅಲಾಯಿ ಕುಣಿಯ (ಮೊಹರಂನ ಬೆಂಕಿ ಗುಂಡಿ) ಸುತ್ತ ಯಾರು ಪದ ಹೇಳುತ್ತಾರೆ ಅಂತ ನೋಡಿ ಹೆಸರು ಬರೆದುಕೊಳ್ಳಿ. ದುಡ್ಡು ಹಾಕುವಾಗ ಮೇಳದ ಮುಖಂಡನ ಖಾತೆಗೆ ಒಟ್ಟಿಗೆ ಹಾಕಬೇಡಿ, ಒಬ್ಬೊಬ್ಬರಿಗೂ ಬೇರೆ ಹಾಕಿ. ನಮ್ಮ ಉತ್ಸವದ ಒಂದು ಚೆಕ್ಕಿನಿಂದ ಒಂದು ಮೇಳ ಒಡೆದು ಎರಡಾಗಿದೆ, ಇವತ್ತಿಗೂ ಎರಡೂ ಕಡೆಯವರು ನನ್ನ ಜೊತೆ ಮಾತಾಡಲ್ಲ.