ಸೇರಿಸಿದ ಹೆಸರು ಮರುದಿನ ಮಾಯವಾಗುವುದೇಕೆ: ಕ್ವೆರಿ ಘಟಕದ ಬಗ್ಗೆ

ಜಯನಗರದ ನಿಮ್ಮ ಬಡಾವಣೆಯ ವಾಚನಾಲಯಕ್ಕಾಗಿ ಲಜಾರಸ್‌ನಲ್ಲಿ (ಪ್ಯಾಸ್ಕಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ತಂತ್ರಾಂಶ) ಬರೆಯುತ್ತಿರುವ ಪ್ರೋಗ್ರಾಂನಲ್ಲಿ, ಹೊಸದಾಗಿ ಸೇರಿಸಿದ ಸದಸ್ಯರ ಹೆಸರು ಆಗ ಗ್ರಿಡ್‌ನಲ್ಲಿ (ಪರದೆಯ ಕೋಷ್ಟಕದಲ್ಲಿ) ಕಂಡರೂ ಮರುದಿನ ಇರುವುದಿಲ್ಲ, ಒಟ್ಟು ಸದಸ್ಯರೆಷ್ಟು ಎಂದರೆ ಸದಾ 10 ಎಂದೇ ತೋರಿಸುತ್ತದೆ ಎಂದು ಕೇಳಿದ್ದೀರಿ. ಮಾಹಿತಿ ಉಳಿಸುವ ಡೇಟಾಬೇಸ್ ಆದ ಎಸ್‌ಕ್ಯೂಎಲೈಟ್ ಕಡತವನ್ನು ದೂರಬೇಡಿ, ಅದು ಸರಿಯಾಗಿಯೇ ಇದೆ.

ಲಜಾರಸ್‌ನ ಕ್ವೆರಿ ಘಟಕವಾದ ಟಿಎಸ್‌ಕ್ಯೂಎಲ್‌ಕ್ವೆರಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಕನೆಕ್ಷನ್ ಕಡತವನ್ನು ತೆರೆಯುತ್ತದೆ, ಕ್ವೆರಿ ಆಜ್ಞೆಯನ್ನು ಒಯ್ಯುತ್ತದೆ, ಆದರೆ ಆದ ಬದಲಾವಣೆ ಉಳಿಯಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಟ್ರಾನ್ಸಾಕ್ಷನ್. ನೀವು ಆಜ್ಞೆಯನ್ನು ನಡೆಸುವ ಎಕ್ಸೆಕ್‌ಎಸ್‌ಕ್ಯೂಎಲ್ ಕರೆದು ಅಲ್ಲಿಗೇ ಬಿಟ್ಟಿದ್ದೀರಿ. ಅದೇ ಟ್ರಾನ್ಸಾಕ್ಷನ್‌ನೊಳಗೆ ಮತ್ತೆ ಓದಿದರೆ ಹೊಸ ಸಾಲು ಕಾಣುವುದರಿಂದ ಎಲ್ಲವೂ ಆಯಿತೆಂದು ಭ್ರಮೆಯಾಗುತ್ತದೆ. ಪ್ರೋಗ್ರಾಂ ಮುಚ್ಚಿದಾಗ ಕಮಿಟ್ ಆಗದಿದ್ದುದೆಲ್ಲ, ಅಂದರೆ ಖಾಯಂ ಮಾಡದಿದ್ದುದೆಲ್ಲ, ರದ್ದಾಗುತ್ತದೆ. ಚಿಕ್ಕಪೇಟೆಯಲ್ಲಿರುವ ನಮ್ಮ ಚಿಕ್ಕಪ್ಪನ ಬಟ್ಟೆ ಅಂಗಡಿಯ ಇಡೀ ಸಂಜೆಯ ಉದ್ರಿ ಲೆಕ್ಕವನ್ನು ನಾನು ಹೀಗೆಯೇ ಕಳೆದು, ಚೀಟಿಗಳನ್ನು ಹುಡುಕಿ ಮತ್ತೊಮ್ಮೆ ತುಂಬಿದ್ದೇನೆ. ಅವೆನ್ಯೂ ರಸ್ತೆಯಲ್ಲಿ ಕೊಂಡ ಲಜಾರಸ್‌ನಂಥದೇ ತಂತ್ರಾಂಶವಾದ ಡೆಲ್ಫಿಯ ಹಳೆಯ ಪುಸ್ತಕದಿಂದ ಕಲಿತವರಿಗೆ ಈ ತಪ್ಪು ಸಹಜ, ಏಕೆಂದರೆ 1995ರಲ್ಲಿ ಬಂದ ಡೆಲ್ಫಿಯ ಟಿಕ್ವೆರಿಯಲ್ಲಿ ನಾವಾಗಿ ಟ್ರಾನ್ಸಾಕ್ಷನ್ ಆರಂಭಿಸದಿದ್ದರೆ ಬದಲಾವಣೆ ತಾನಾಗಿಯೇ ಕಮಿಟ್ ಆಗುತ್ತಿತ್ತು.

ಆದ್ದರಿಂದ ಸೇರಿಸಿದ ಮೇಲೆ ಕಮಿಟ್ ಕರೆಯಿರಿ. ಅದು ತೆರೆದಿರುವ ಕ್ವೆರಿಗಳನ್ನೂ ಮುಚ್ಚುವುದರಿಂದ ಗ್ರಿಡ್ ಬರಿದಾಗುತ್ತದೆ. ಅದು ಬೇಡವೆಂದರೆ ಕ್ವೆರಿಗಳನ್ನು ಮುಚ್ಚದೆ ಕಮಿಟ್ ಮಾಡುವ ಕಮಿಟ್‌ರೀಟೇನಿಂಗ್ ಬಳಸಿ. ಗ್ರಿಡ್‌ನಲ್ಲಿಯೇ ತಿದ್ದುವುದಾದರೆ ಇನ್ನೊಂದು ಮೆಟ್ಟಿಲು ಹೆಚ್ಚು: ಪೋಸ್ಟ್ ಬರೆಯುವುದು ಮೆಮೊರಿಗೆ ಮಾತ್ರ, ಅಪ್ಲೈಅಪ್‌ಡೇಟ್ಸ್ ಅದನ್ನು ಡೇಟಾಬೇಸ್‌ಗೆ ಕಳಿಸುತ್ತದೆ, ನಂತರ ಕಮಿಟ್.

10ರ ಗುಟ್ಟು ಸರಳ. ಕ್ವೆರಿ ಸಾಲುಗಳನ್ನು ಹತ್ತು ಹತ್ತರ ಕಂತಿನಲ್ಲಿ ತರುತ್ತದೆ, ರೆಕಾರ್ಡ್‌ಕೌಂಟ್ ತಂದಷ್ಟನ್ನೇ ಎಣಿಸುತ್ತದೆ. ಪ್ಯಾಕೆಟ್‌ರೆಕಾರ್ಡ್ಸ್ ಗುಣಕ್ಕೆ -1 ಕೊಟ್ಟರೆ ಎಲ್ಲವೂ ಒಮ್ಮೆಗೇ ಬರುತ್ತವೆ. ಸಂಖ್ಯೆ ಮಾತ್ರ ಬೇಕಿದ್ದರೆ ಸೆಲೆಕ್ಟ್ ಕೌಂಟ್ ಬರೆದು ಡೇಟಾಬೇಸ್‌ನಿಂದಲೇ ಎಣಿಸುವುದು ಲೇಸು.

ನೀವು ಕೇಳದಿದ್ದರೂ ಹೇಳಬೇಕಾದದ್ದೊಂದಿದೆ. ನೀವು ಹಾಕಿದ ಕೋಡ್‌ನಲ್ಲಿ ಸದಸ್ಯರ ಹೆಸರನ್ನು ಪ್ಲಸ್ ಚಿಹ್ನೆಯಿಂದ ಆಜ್ಞೆಗೇ ಅಂಟಿಸಿದ್ದೀರಿ. ನಾಳೆ ಡಿ'ಸೋಜ ಎಂಬುವರು ಸದಸ್ಯರಾಗಲು ಬಂದರೆ ಹೆಸರಿನ ನಡುವಿನ ಆ ಒಂದು ಚಿಹ್ನೆಗೆ ವಾಕ್ಯ ಅರ್ಧಕ್ಕೇ ಮುಗಿದು ದೋಷ ಬರುತ್ತದೆ. ಕಿಡಿಗೇಡಿಯಾದರೆ ಅದೇ ಸಂದಿಯಿಂದ ಆಜ್ಞೆಯ ಅರ್ಥವನ್ನೇ ಬದಲಿಸಬಹುದು. ಹೆಸರಿನ ಜಾಗದಲ್ಲಿ :ಹೆಸರು ಎಂಬಂತೆ ಕೋಲನ್ ಇಟ್ಟ ಪ್ಯಾರಾಮೀಟರ್ ಬರೆದು (ಪ್ಯಾರಾಮೀಟರ್‌ನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ), ಪ್ಯಾರಮ್‌ಬೈನೇಮ್ ಮೂಲಕ ಸದಸ್ಯರ ಹೆಸರನ್ನು ತುಂಬಿ. ಸಾಲುಗಳನ್ನು ಓದುವ ಸೆಲೆಕ್ಟ್ ಆಜ್ಞೆಗೆ ಓಪನ್, ಸೇರಿಸುವ, ತಿದ್ದುವ, ಅಳಿಸುವ ಆಜ್ಞೆಗಳಿಗೆ ಎಕ್ಸೆಕ್‌ಎಸ್‌ಕ್ಯೂಎಲ್ ಎಂಬುದನ್ನು ಮಾತ್ರ ಅದಲುಬದಲು ಮಾಡಬೇಡಿ.

ಟೆಕ್ಸ್ಟ್ ಎಂದು ಘೋಷಿಸಿದ ಕಾಲಂನಲ್ಲಿ ಕನ್ನಡ ಹೆಸರಿನ ಬದಲು ಮೆಮೊ ಎಂದು ಕಂಡರೆ ಗಾಬರಿಯಾಗಬೇಡಿ. ಗ್ರಿಡ್‌ನ ಆಪ್ಷನ್ಸ್‌ನಲ್ಲಿ ಡಿಜಿಡಿಸ್‌ಪ್ಲೇಮೆಮೊಟೆಕ್ಸ್ಟ್ ಆರಿಸಿದರೆ ಹೆಸರುಗಳು ಕಾಣಿಸುತ್ತವೆ.