ಒಡೆದು ಬಂದ ಗ್ರೈಂಡರ್‌ಗೆ ಎಷ್ಟು ಸ್ಟಾರ್?

ಪ್ರಶ್ನೆ: ಆನ್‌ಲೈನಿನಲ್ಲಿ ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ತರಿಸಿದೆ. ಡಬ್ಬ ಬಿಚ್ಚಿದರೆ ಒಂದು ಕಲ್ಲಿನ ಅಂಚು ಚಕ್ಕೆ ಎದ್ದಿದೆ, ಪ್ಲಾಸ್ಟಿಕ್ ಬಾಡಿ ಸೀಳಿದೆ. ಸಿಟ್ಟಿಗೆ ಒಂದು ಸ್ಟಾರ್ ಕೊಟ್ಟು ‘ಯಾರೂ ತಗೋಬೇಡಿ’ ಎಂದು ರಿವ್ಯೂ ಬರೆದೆ. ಮಗಳು ‘ಕೊರಿಯರ್‌ನವರ ತಪ್ಪಿಗೆ ಗ್ರೈಂಡರನ್ನ ಯಾಕಮ್ಮಾ ಬೈತೀಯ? ಅಳಿಸು’ ಅನ್ನುತ್ತಾಳೆ. ಯಾರು ಸರಿ?
– ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಒಂದು ಮಾತು ಹೇಳಿ. ಹೊರಗಿನ ಡಬ್ಬ ಹೇಗಿತ್ತು? ಅದನ್ನೇ ನೀವು ಬರೆದಿಲ್ಲ.

ನಾನು ದಾವಣಗೆರೆಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ ಇಟ್ಟವನು. ಒಡೆದದ್ದನ್ನು ನೋಡಿದರೆ ಯಾರು ಒಡೆದರು ಅಂತ ಸುಮಾರಾಗಿ ಗೊತ್ತಾಗುತ್ತದೆ. ಡಬ್ಬದ ಮೂಲೆ ಜಜ್ಜಿ, ಅದೇ ಕಡೆ ಬಾಡಿ ಸೀಳಿದ್ದರೆ ಅದು ಎತ್ತಿ ಹಾಕಿದವರ ಕೆಲಸ. ಡಬ್ಬ ನೆಟ್ಟಗಿದ್ದು ಒಳಗೆ ಮಾತ್ರ ಒಡೆದಿದ್ದರೆ ಕಥೆಯೇ ಬೇರೆ. ಗ್ರೈಂಡರಿನ ಭಾರವೆಲ್ಲ ಕಲ್ಲಿನದ್ದು. ರುಬ್ಬುವ ಕಲ್ಲುಗಳನ್ನು ಡ್ರಮ್ಮಿನಿಂದ ತೆಗೆದು, ಥರ್ಮಾಕೋಲಿನಲ್ಲಿ ಬೇರೆಯಾಗಿ ಕೂರಿಸಿ ಕಳಿಸಬೇಕು. ಒಳಗೇ ಸಡಿಲವಾಗಿ ಬಿಟ್ಟರೆ ಲಾರಿ ಕುಲುಕಿದಾಗಲೆಲ್ಲ ಕಲ್ಲಿಗೆ ಕಲ್ಲು ಬಡಿಯುತ್ತದೆ. ಆ ಊರಿನದ್ದೇ ವಿಶೇಷ ಅನ್ನುವ ಜಿಐ ಟ್ಯಾಗ್ ಇರುವ ಕೊಯಮತ್ತೂರು ಗ್ರೈಂಡರ್ ಆದರೂ ಅಷ್ಟೇ, ಶಿರಸಿ ಮುಟ್ಟುವಷ್ಟರಲ್ಲಿ ರಸ್ತೆಗುಂಡಿ ಕಮ್ಮಿ ಇವೆಯಾ? ಹಾಗೆ ಪ್ಯಾಕ್ ಮಾಡಿದ್ದು ಕಂಪನಿ. ಅದನ್ನು ಗ್ರೈಂಡರಿನ ರಿವ್ಯೂನಲ್ಲಿ ಬರೆಯದೆ ಇನ್ನೆಲ್ಲಿ ಬರೆಯುವುದು?

ಆದರೆ ಆನ್‌ಲೈನ್ ಅಂಗಡಿಗಳ ನಿಯಮ ಮಗಳ ಕಡೆ ಇದೆ. ಅಮೆಜಾನ್‌ನದ್ದೇ ನೋಡಿ. ಒಡೆದು ಬಂತು, ಪ್ಯಾಕಿಂಗ್ ಸರಿಯಿಲ್ಲ, ತಡವಾಯಿತು ಅನ್ನುವುದೇ ಮುಖ್ಯವಾದ ರಿವ್ಯೂ ಅಲ್ಲಿ ಇರುವಂತಿಲ್ಲ. ಅದಕ್ಕೆ ಸೆಲ್ಲರ್ ಫೀಡ್‌ಬ್ಯಾಕ್ ಅಂತ ಬೇರೆ ಜಾಗ. ಒಂದೇ ಗ್ರೈಂಡರನ್ನು ನಾಲ್ಕಾರು ಜನ ಮಾರುತ್ತಿರಬಹುದು, ಒಬ್ಬನ ಗೋದಾಮಿನ ಎಡವಟ್ಟಿಗೆ ಎಲ್ಲರ ಸ್ಟಾರ್ ಇಳಿಯಬಾರದು ಅಲ್ವಾ? ಇದು ನ್ಯಾಯವೇ. ಆದರೆ ಸ್ವಿಚ್ ಕೂಡ ಹಾಕದೆ ‘ಸೂಪರ್ ಪ್ಯಾಕಿಂಗ್, ಬೇಗ ಬಂತು’ ಅಂತ ಐದು ಸ್ಟಾರ್ ಕೊಟ್ಟವರು ರಾಶಿ ರಾಶಿ ಇದ್ದಾರಲ್ಲ, ಅವರಿಗೆ ಯಾರ ಮಗಳೂ ಅಳಿಸು ಅನ್ನುವುದಿಲ್ಲ!

ಡಬ್ಬ ಜಜ್ಜಿತ್ತು ಅಂತಾದರೆ ಮಗಳ ಮಾತು ಕೇಳಿ, ದೂರನ್ನು ಸೆಲ್ಲರ್ ಫೀಡ್‌ಬ್ಯಾಕ್‌ಗೆ ಸಾಗಿಸಿ. ಡಬ್ಬ ಚೆನ್ನಾಗಿದ್ದರೆ ಅಳಿಸಬೇಡಿ, ತಿದ್ದಿ. ‘ಯಾರೂ ತಗೋಬೇಡಿ’ ಅಂದರೆ ಓದಿದವರಿಗೆ ನಿಮ್ಮ ಸಿಟ್ಟು ತಿಳಿಯುತ್ತದೆ, ಗ್ರೈಂಡರ್ ತಿಳಿಯುವುದಿಲ್ಲ. ಕಲ್ಲು ಎಲ್ಲಿಟ್ಟಿದ್ದರು, ಬಾಡಿ ಯಾವ ಜಾಗದಲ್ಲಿ ಸೀಳಿದೆ, ಬರೆದು ಫೋಟೋ ಹಾಕಿ. ಒಬ್ಬರಿಗೆ ಹೀಗಾದರೆ ಗ್ರಹಚಾರ. ಇನ್ನೂ ಹತ್ತು ಜನ ಅದೇ ಜಾಗದಲ್ಲಿ ಸೀಳಿದೆ ಅಂದರೆ ಅಲ್ಲಿ ಪ್ಲಾಸ್ಟಿಕ್ಕೇ ತೆಳ್ಳಗಿದೆ ಅಂತ ನನ್ನಂಥವನು ಓದಿಯೇ ಹೇಳಬಲ್ಲ. ಕೊಟ್ಟ ಒಂದು ಸ್ಟಾರೇ ಕೊನೆ ಅಂದುಕೊಳ್ಳಬೇಡಿ. ಬದಲಿ ಗ್ರೈಂಡರಿನಲ್ಲಿ ಉದ್ದು ರುಬ್ಬಿ ನೋಡಿದ ಮೇಲೆ ಎಷ್ಟು ಅಂತ ತೀರ್ಮಾನಿಸಿ.

ರಿವ್ಯೂ ಬರೆದಾಯ್ತು ಅಂತ ಸುಮ್ನೆ ಕೂರಬೇಡಿ, ದೂರು ಬೇರೆ ಕೊಡಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಮಾರಿದವರು ಹೇಳುವಂತಿಲ್ಲ. ದೂರು ಬಂತು ಅಂತ ಅಂಗಡಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಬದಲಿ ಬಂದಾಗ ಡಬ್ಬ ಬಿಚ್ಚುವುದನ್ನು ಮಗಳ ಕೈಲೇ ವಿಡಿಯೊ ಮಾಡಿಸಿ. ಮೊದಲ ಸಲ ನೀರು ಹಾಕಿ ಒಂದು ಹಿಡಿ ಅಕ್ಕಿ ರುಬ್ಬಿ ಚೆಲ್ಲಿಬಿಡಿ. ಹೊಸ ಕಲ್ಲಿನಲ್ಲಿ ಪುಡಿ ಇರುತ್ತದೆ.